ಹತ್ತು ಕಿಲೋಮೀಟರ್ ಅಡ್ಡ ಹೋದ ಬಾವಿಗೆ ಗ್ಯಾಸ್ ನುಗ್ಗಿದರೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಕೊನೇ ವರ್ಷದ ವಿದ್ಯಾರ್ಥಿ. ಇಂಗ್ಲೆಂಡಿನ ವಿಚ್ ಫಾರ್ಮ್‌ನಲ್ಲಿ 1999ರಲ್ಲಿ ಕೊರೆದ ಎಂ-16 ಎಣ್ಣೆ ಬಾವಿಯ ಉದ್ದ 11,278 ಮೀಟರ್ ಅಂತ ಓದಿದೆ. ಅಷ್ಟುದ್ದ ಮಡ್ (ಕೊರೆಯುವಾಗ ಬಾವಿಗೆ ತುಂಬುವ ಭಾರದ ಕೆಸರು ದ್ರವ) ತುಂಬಿದ್ದರೆ ತಳದಲ್ಲಿ ಭಾರೀ ಒತ್ತಡ ಇರುತ್ತದೆ. ಗ್ಯಾಸ್ ಒಳಗೆ ಬರೋ ಮಾತೇ ಇಲ್ಲ, ಅಲ್ವಾ?

ಉತ್ತರ: ಎಲ್ಲರೂ ಎಡವೋದು ಇಲ್ಲೇ. ಮಡ್‌ನ ಭಾರಕ್ಕೆ ನೇರ ಆಳವಷ್ಟೇ ಲೆಕ್ಕ. ಅಲ್ಲಿ ದಡದ ಮೇಲೆ ರಿಗ್ (ಕೊರೆಯುವ ಯಂತ್ರ) ಇಟ್ಟು ಸಮುದ್ರದಡಿಯ ಎಣ್ಣೆಗೆ ಕೈ ಚಾಚಿದರು. ಅಡ್ಡಕ್ಕೆ ಹತ್ತು ಕಿಲೋಮೀಟರ್ ದಾಟಿದೆ, ಆಳ ಮಾತ್ರ ಸುಮಾರು 1,600 ಮೀಟರ್. ನೀರಿನ 1.2 ಪಟ್ಟು ತೂಕದ ಮಡ್ ಅಂದುಕೊಳ್ಳಿ, ತಳದಲ್ಲಿ 188 ಬಾರ್. ಅಷ್ಟೇ.

ಪಂಪ್ ಓಡಿ ಮಡ್ ಪೈಪಿನೊಳಗೆ ಇಳಿದು ಅದರ ಹೊರಗಿನಿಂದ ವಾಪಸ್ ಬರುವಾಗ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಮಡ್ ಉಜ್ಜಿಕೊಂಡು ಮೇಲೆ ಬರೋದಕ್ಕೆ ಇನ್ನೊಂದು 25 ಬಾರ್ ಬೇಕಾಯಿತು ಅನ್ನಿ. ಕಲ್ಲಿಗೆ ನೀರಿನ 1.36 ಪಟ್ಟು ತೂಕದ ಮಡ್ ಒತ್ತಿದ ಹಾಗೆ. ಮುಂದೆ ಕೊರೆದಷ್ಟೂ ಇದು ಏರುತ್ತದೆ, ಕಲ್ಲಿನ ತಾಳಿಕೆ ಏರೋದಿಲ್ಲ. ಹಾಗಂತ ಮಡ್ ತೀರಾ ಹಗುರ ಮಾಡಿದರೆ, ಪಂಪ್ ನಿಲ್ಲಿಸಿದ ಕೂಡಲೇ ಉಜ್ಜಾಟದ ಒತ್ತಡ ಹೋಗಿ ಗ್ಯಾಸ್ ಒಳಗೆ.

ಪ್ರಶ್ನೆ: ಬಂದರೂ ಬಿಒಪಿ (ಬಾವಿಯ ಬಾಯಿ ಮುಚ್ಚುವ ಕವಾಟ) ಮುಚ್ಚಿದ ಮೇಲೆ ಗೇಜಿನಲ್ಲಿ ಗೊತ್ತಾಗುತ್ತದಲ್ಲ?

ಉತ್ತರ: ನೆಟ್ಟಗಿನ ಬಾವಿಯಲ್ಲಾದರೆ ಕೇಸಿಂಗ್ ಗೇಜು (ಪೈಪಿನ ಹೊರಗಿನ ಜಾಗದ ಒತ್ತಡ ತೋರಿಸೋದು) ಪೈಪಿನ ಗೇಜಿಗಿಂತ ಜಾಸ್ತಿ ತೋರಿಸುತ್ತದೆ. ಅಡ್ಡ ಭಾಗದಲ್ಲಿ ಗ್ಯಾಸ್ ಸುಮ್ನೆ ಮಲಗಿರುತ್ತದೆ, ಎರಡೂ ಗೇಜು ಹೆಚ್ಚುಕಮ್ಮಿ ಒಂದೇ. ಅದು ತಿರುವು ದಾಟಿ ಮೇಲೇರುವಾಗ ಹಿಗ್ಗುತ್ತದೆ, ಆಗ ಕೇಸಿಂಗ್ ಒತ್ತಡ ಏರತೊಡಗುತ್ತದೆ.

ನನಗೆ ಗೇಜಿಗಿಂತ ಟ್ರಿಪ್ ಟ್ಯಾಂಕ್ ಮೇಲೆ ನಂಬಿಕೆ. ಪೈಪು ಎಳೆಯುವಾಗ ಬಾವಿಗೆ ಹೋಗುವ ಮಡ್ಡನ್ನು ಅಳೆಯುವ ಸಣ್ಣ ತೊಟ್ಟಿ ಅದು. 5 ಇಂಚಿನ ಪೈಪು ಐದು ಸ್ಟ್ಯಾಂಡ್ (ಜೋಡಿಸಿದ ಪೈಪುಗಳ ಉದ್ದನೆಯ ಕಟ್ಟು) ಎಳೆದರೆ ಬಾವಿ 550 ಲೀಟರ್ ಆಸುಪಾಸು ಮಡ್ ಕುಡಿಯಬೇಕು. 400 ಕುಡಿದು ಸಾಕು ಅಂದರೆ, ಉಳಿದ ಜಾಗದಲ್ಲಿ ಬೇರೆ ಯಾರೋ ಕೂತಿದ್ದಾರೆ! ಎಳೆಯೋದು ನಿಲ್ಲಿಸಿ ಫ್ಲೋ ಚೆಕ್ ಮಾಡುತ್ತೇವೆ, ಅಂದರೆ ಬಾವಿ ತಾನಾಗೇ ಹರಿಯುತ್ತಿದೆಯಾ ನೋಡುತ್ತೇವೆ. ಬಾವಿ ತಣ್ಣಗಿದ್ದರೂ ನಾನು ನಂಬೋದಿಲ್ಲ, ಮಲಗಿರುವ ಗ್ಯಾಸ್ ಮಡ್ ಕಂಬವನ್ನು ಹಗುರ ಮಾಡಿರೋದಿಲ್ಲ. ಪೈಪು ವಾಪಸ್ ತಳಕ್ಕೆ ಇಳಿಸಿ ಒಳಗಿನ ಮಡ್ ಪೂರ್ತಿ ಮೇಲೆ ಬರುವವರೆಗೆ ಸರ್ಕ್ಯುಲೇಟ್ ಮಾಡಿಸುತ್ತೇನೆ. ಗಂಟೆಗಟ್ಟಲೆ ಹಿಡಿಯುತ್ತದೆ, ಮೇಲಿನವರು ಗೊಣಗುತ್ತಾರೆ. ಗೊಣಗಲಿ.

ಇನ್ನೊಬ್ಬರ ಪ್ರಶ್ನೆ: ಗ್ಯಾಸ್ ನುಗ್ಗಿದ ಬಾವಿಯನ್ನು ಭಾರದ ಮಡ್ ತುಂಬಿ ತಣ್ಣಗೆ ಮಾಡುವಾಗ, ಒತ್ತಡ ಹೇಗೆ ಇಳಿಸಬೇಕು ಅನ್ನೋ ಮಾಮೂಲಿ ಲೆಕ್ಕದ ಹಾಳೆ (ಕಿಲ್ ಶೀಟ್) ಇಲ್ಲಿ ನಡೆಯುತ್ತದಾ?

ಉತ್ತರ: ಬೇಡ. ಭಾರದ ಮಡ್ ಪೈಪಿನೊಳಗೆ ನೇರ ಆಳ ಮುಗಿಸಿದಾಗಲೇ ಅದರ ಭಾರವೆಲ್ಲ ಬಿದ್ದಾಯಿತು, ಮುಂದೆ ಉಳಿಯೋದು ಉಜ್ಜಾಟ ಮಾತ್ರ. ಮಾಮೂಲಿ ಶೀಟ್ ಪೈಪಿನ ಒತ್ತಡವನ್ನು ಉದ್ದಕ್ಕೂ ಒಂದೇ ಸಮ ಇಳಿಸುತ್ತದೆ. ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಒತ್ತಡ ಉಳಿದು ಕಲ್ಲು ಬಿರಿಯಬಹುದು. ಓರೆ ಬಾವಿಗೆ ಬೇರೆ ಶೀಟೇ ಇದೆ, ಅದನ್ನು ಕೊರೆಯುವ ಮೊದಲೇ ತುಂಬಿಸಿ ಡ್ರಿಲ್ಲರ್ ಪಕ್ಕ ಇಟ್ಟುಬಿಡಿ.