ಗಂಧಕದ ಡ್ರಮ್: ನೈಟ್ರೇಟ್ ಇಳಿಯುತ್ತಿಲ್ಲ, ಮೇಲೆ ಕೊಳೆತ ಮೊಟ್ಟೆ ವಾಸನೆ

ಗದಗ_ಬೋರ್: ಸಾಕಾಗಿ ಹೋಗಿದೆ. ಬೋರ್ ನೀರಲ್ಲಿ ನೈಟ್ರೇಟ್ ಲೀಟರಿಗೆ 90 ಮಿಗ್ರಾಂ. ಕೆಸರಿನ ಬ್ಯಾಕ್ಟೀರಿಯಾ ಗಂಧಕ ತಿಂದು ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿಬಿಡುತ್ತವೆ ಅಂತ ಡ್ರಮ್ಮಿಗೆ ಗಂಧಕ ತುಂಬಿ, ಕೆರೆಯ ಕೆಸರು ಬೆರೆಸಿ ಬಿಟ್ಟೆ. ಹೊರಗೆ ಬರುವ ನೀರೂ 80. ವಾಸನೆ ಬೇರೆ. ಏನಾಗಿದೆ?

ಹಾವೇರಿ_ತೋಟ: 90 ನೈಟ್ರೇಟ್ ಲೆಕ್ಕವೋ, ನೈಟ್ರೋಜನ್ ಲೆಕ್ಕವೋ? ಕುಡಿಯುವ ನೀರಿನ 45 ಮಿತಿ ನೈಟ್ರೇಟ್ ಲೆಕ್ಕದ್ದು. ನೈಟ್ರೋಜನ್ ಆದರೆ ಅದೇ ಸುಮಾರು 10.

ಗದಗ_ಬೋರ್: ನೈಟ್ರೇಟ್ ಲೆಕ್ಕವೇ ರೀ.

ಧಾರವಾಡ_ನೀರು: ಪಿಎಚ್ ಬಿದ್ದಿದೆ, ನೋಡಿ ಬೇಕಾದರೆ. ಬ್ಯಾಕ್ಟೀರಿಯಾ ಗಂಧಕವನ್ನು ಸಲ್ಫೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಸುಣ್ಣದ ಕಲ್ಲಿನ ಚೂರು ಹಾಕಿ.

ಗದಗ_ಬೋರ್: ಹೊರಗಿನ ನೀರಿನ ಪಿಎಚ್ 7.4.

ಧಾರವಾಡ_ನೀರು: ಮೀಟರ್ ಸರಿ ಇರಲಿಕ್ಕಿಲ್ಲ. ಸುಣ್ಣದ ಕಲ್ಲು ಹಾಕಿ ಅಂದೆನಲ್ಲ.

ಹಾವೇರಿ_ತೋಟ: 1 ಮಿಗ್ರಾಂ ನೈಟ್ರೋಜನ್ ತೆಗೆಯಲು ಸುಮಾರು 4.5 ಮಿಗ್ರಾಂ ಕ್ಷಾರತೆ (ನೀರಿಗೆ ಆಮ್ಲ ತಡೆಯುವ ಶಕ್ತಿ) ಖರ್ಚಾಗುತ್ತದೆ. ಇವರ ನೈಟ್ರೇಟ್ ನೈಟ್ರೋಜನ್ ಲೆಕ್ಕದಲ್ಲಿ 20, ಅದಕ್ಕೆ ಸುಮಾರು 90 ಕ್ಷಾರತೆ ಬೇಕು. ಲ್ಯಾಬ್ ರಿಪೋರ್ಟಲ್ಲಿ ಕ್ಷಾರತೆ ಎಷ್ಟಿದೆ ಅಣ್ಣಾ?

ಗದಗ_ಬೋರ್: 310.

ಹಾವೇರಿ_ತೋಟ: ಹಾಗಾದರೆ ಸುಣ್ಣದ ಮಾತು ಬಿಡಿ.

ಹುಬ್ಬಳ್ಳಿ_ಟೆರೇಸ್: ಇಷ್ಟು ಒದ್ದಾಟ ಯಾಕೆ? ಆರ್‌ಓ ಹಾಕಿಸಿ. ನನ್ನದು ಎರಡು ಮೆಂಬ್ರೇನ್, ಟೆರೇಸ್ ಮೇಲೆ ಸ್ಟೀಲ್ ಟ್ಯಾಂಕ್, ಒಂದು ದಿನ ತಕರಾರಿಲ್ಲ.

ಧಾರವಾಡ_ನೀರು: ಆರ್‌ಓ ಬಿಡುವ ನೀರಲ್ಲಿ ನೈಟ್ರೇಟ್ ಇನ್ನೂ ಜಾಸ್ತಿ. ಅದು ಎಲ್ಲಿಗೆ ಹೋಗುತ್ತದೆ? ಸುಮ್ನೆ ನೆಲಕ್ಕೇ ಅಲ್ವಾ?

ಹುಬ್ಬಳ್ಳಿ_ಟೆರೇಸ್: ನಮ್ಮದು ತೆಂಗಿನ ಗಿಡಕ್ಕೆ ಹೋಗುತ್ತದೆ. ಗಿಡಕ್ಕೆ ನೈಟ್ರೇಟ್ ಗೊಬ್ಬರವೇ.

ಹಾವೇರಿ_ತೋಟ: ಆರ್‌ಓ ಬೇರೆ ಕಡೆ ಮಾತಾಡಿ. ಅಣ್ಣಾ, ಗಂಧಕ ಯಾವುದು ಹಾಕಿದ್ದೀರಿ?

ಗದಗ_ಬೋರ್: ಗೊಬ್ಬರದ ಅಂಗಡಿಯದು. ಮೆಣಸಿನ ಗಿಡಕ್ಕೆ ಬೂದಿ ರೋಗ ಬಂದಾಗ ಹೊಡೆಯುತ್ತೇವಲ್ಲ, ಅದೇ 80 ಪರ್ಸೆಂಟ್ ಪುಡಿ.

ಹಾವೇರಿ_ತೋಟ: ಸಿಕ್ಕಿತು. ಆ ಪುಡಿ ನೆಂದು ಕೆಸರಿನ ಗಡ್ಡೆಯಾಗುತ್ತದೆ. ನೀರು ಒಂದೇ ಬಿರುಕು ಹಿಡಿದು ಓಡುತ್ತದೆ, ಗಂಧಕಕ್ಕೆ ತಾಗುವುದೇ ಇಲ್ಲ. ಅದಕ್ಕೇ 80. ಮೂಲೆಯಲ್ಲಿ ನಿಂತ ನೀರಲ್ಲಿ ಮಾತ್ರ ನೈಟ್ರೇಟ್ ಪೂರ್ತಿ ಮುಗಿದು, ಬೇರೆ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ವಾಸನೆ ಅದರದ್ದು. ಪುಡಿಯಲ್ಲಿ ನೀರಿಗೆ ಬೆರೆಯಲೆಂದು ಹಾಕಿದ ಬೇರೆ ಸಾಮಾನೂ ಇರುತ್ತದೆ, ಕುಡಿಯುವ ನೀರಿಗೆ ಅದು ಬೇಡವೇ ಬೇಡ. ಪೂರ್ತಿ ತೆಗೆಯಿರಿ. ಜೋಳದ ಕಾಳಿನಷ್ಟು ದಪ್ಪದ ಹರಳು ಗಂಧಕ ಹಾಕಿ, ನೀರು ಕೆಳಗಿನಿಂದ ಮೇಲಕ್ಕೆ ನಿಧಾನ ಬಿಡಿ. ನೈಟ್ರೋಜನ್ ಗುಳ್ಳೆ ಮೇಲೆ ಹೋಗಲು ದಾರಿ ಬೇಕು.

ಧಾರವಾಡ_ನೀರು: ಜೊತೆಗೆ ಸುಣ್ಣದ ಕಲ್ಲು ಇದ್ದರೆ ನಷ್ಟವೇನು?

ಹಾವೇರಿ_ತೋಟ: ಗಡಸುತನ ಇನ್ನೂ ಏರುತ್ತದೆ. ಅಣ್ಣಾ, ನೈಟ್ರೈಟ್ ಕಿಟ್ಟಿನಲ್ಲೂ ನೋಡಿ. ಅರ್ಧಕ್ಕೆ ನಿಂತರೆ ಅದು ಉಳಿಯುತ್ತದೆ, ಕೂಸುಗಳಿಗೆ ನೈಟ್ರೇಟಿಗಿಂತ ಅಪಾಯ. 20 ನೈಟ್ರೋಜನ್ ಪೂರ್ತಿ ಹೋದರೆ ಸಲ್ಫೇಟ್ ಸುಮಾರು 150 ಏರುತ್ತದೆ, ಮಿತಿ 200. ಈಗ ಎಷ್ಟಿದೆ? ಇದೆಲ್ಲ ಸರಿಯಾಗುವವರೆಗೆ ಈ ನೀರು ಯಾರೂ ಕುಡಿಯಬೇಡಿ. ಕಾಯಿಸಿದರೂ ನೈಟ್ರೇಟ್ ಹೋಗುವುದಿಲ್ಲ.

ಗದಗ_ಬೋರ್: ಸಲ್ಫೇಟ್ ರಿಪೋರ್ಟಲ್ಲಿ ಇಲ್ಲ, ಮತ್ತೆ ಕೊಡುತ್ತೇನೆ. ಹರಳು ಗಂಧಕ ಗದಗಿನಲ್ಲಿ ಎಲ್ಲಿ ಸಿಗುತ್ತದೆ?

ಹುಬ್ಬಳ್ಳಿ_ಟೆರೇಸ್: ಟ್ಯಾಂಕಿನ ಫೋಟೋ ಯಾರಿಗಾದರೂ ಬೇಕಾದರೆ ಹೇಳಿ, ಕಳಿಸುತ್ತೇನೆ.