ಟೈಟಾನಿಯಂಗೆ ಬೋರಾನ್: ಸೂಜಿಗಳೆಲ್ಲ ಹರಳಿನ ಅಂಚಿನಲ್ಲೇ ಏಕೆ?

ಪ್ರಶ್ನೆ: ಎಂ.ಟೆಕ್. ವಿದ್ಯಾರ್ಥಿನಿ, ಸುರತ್ಕಲ್
ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಇರುವ ಟೈಟಾನಿಯಂ ಮಿಶ್ರಲೋಹದ 50 ಗ್ರಾಂ ಬಿಲ್ಲೆಯನ್ನು ಆರ್ಕ್ ಕುಲುಮೆಯಲ್ಲಿ ಕರಗಿಸಿದೆ. ಅದಕ್ಕೆ ಹಾಕಿದ ಬೋರಾನ್ ಶೇ. 0.1, ಅಂದರೆ 50 ಮಿಲಿಗ್ರಾಂ. ಬೋರಾನ್ ಇಲ್ಲದ ಬಿಲ್ಲೆಯಲ್ಲಿ ಹರಳುಗಳು ಬರಿಗಣ್ಣಿಗೇ ಕಾಣುತ್ತಿದ್ದವು, ಇದಕ್ಕೆ ಸೂಕ್ಷ್ಮದರ್ಶಕ ಬೇಕಾಯಿತು. ಸಂತೋಷವೇ. ಆದರೆ ಬೋರೈಡ್ (ಟೈಟಾನಿಯಂ, ಬೋರಾನ್ ಸೇರಿದ ಸಂಯುಕ್ತ) ಸೂಜಿಗಳು ಹರಳಿನ ಹೊಟ್ಟೆಯಲ್ಲಿರಬೇಕಲ್ಲವೇ? ಇಲ್ಲಿ ಮಾಲೆಯಂತೆ ಅಂಚಿನುದ್ದಕ್ಕೂ ಕುಳಿತಿವೆ. ಐದು ಸಲ ಮಗುಚಿ ಕರಗಿಸಿದರೂ ಬೆರೆಯಲಿಲ್ಲವೇ?

ಉತ್ತರ 1: ಫೌಂಡ್ರಿಯವರು, ಬೈಕಂಪಾಡಿ
ನಾವು ಅಲ್ಯೂಮಿನಿಯಂ ಎರಕಕ್ಕೆ ಟೈಟಾನಿಯಂ-ಬೋರಾನ್ ಸರಳು ಹಾಕುತ್ತೇವೆ. ಅದರಲ್ಲಿರುವ ಟೈಟಾನಿಯಂ ಡೈಬೋರೈಡ್ ಕಣವೇ ಬೀಜ, ಹರಳು ಅದರ ಮೇಲೆ ಹುಟ್ಟುತ್ತದೆ. ನಿಮ್ಮ ಬೀಜ ಮೊಳೆತಿಲ್ಲ. ಇನ್ನಷ್ಟು ಹಾಕಿ ನೋಡಿ.

ಉತ್ತರ 2: ನಿವೃತ್ತ ಲೋಹ ಪರೀಕ್ಷಕ, ಮಲ್ಪೆ
ಇನ್ನಷ್ಟು ಹಾಕಬೇಡಿ ಮಾರಾಯರೇ! ಅಲ್ಯೂಮಿನಿಯಂನ ಲೆಕ್ಕ ಇಲ್ಲಿ ತಲೆಕೆಳಗು.

ನಮ್ಮ ಬಂದರಿಗೆ ಬರುವ ಐಸ್ ಗಡ್ಡೆಯನ್ನು ಒಡೆದು ನೋಡಿ. ಅಂಚು ಗಾಜಿನಂತೆ, ನಡುವೆ ಮಾತ್ರ ಬೆಳ್ಳಗೆ ಮಬ್ಬು. ಹೆಪ್ಪುಗಟ್ಟುವ ನೀರು ಉಪ್ಪು, ಗಾಳಿಯನ್ನೆಲ್ಲ ಮುಂದೆ ತಳ್ಳುತ್ತ ಹೋಗಿ ಕೊನೆಗೆ ಗಟ್ಟಿಯಾಗುವ ಜಾಗದಲ್ಲಿ ಬಿಟ್ಟಿರುತ್ತದೆ. ಗಟ್ಟಿ ಟೈಟಾನಿಯಂನಲ್ಲಿಯೂ ಬೋರಾನ್ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಹರಳು ಬೆಳೆದಂತೆ ಅದು ಮುಂದಿನ ದ್ರವಕ್ಕೆ ಸರಿಯುತ್ತದೆ. ಆ ದ್ರವ ಗಟ್ಟಿಯಾಗಲು ಇನ್ನೂ ತಣಿಯಬೇಕು, ಹಾಗಾಗಿ ಹರಳಿನ ಓಟ ನಿಧಾನವಾಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಹೊಸ ಹರಳುಗಳು ಹುಟ್ಟುತ್ತವೆ. ಕೊನೆಗೆ ಉಳಿದ ದ್ರವದಿಂದ ಮೂಡುವುದೇ ನಿಮ್ಮ ಸೂಜಿ. ಎಲ್ಲ ಮುಗಿದ ಮೇಲೆ ಬಂದದ್ದು ಬೀಜವಾಗುವುದು ಹೇಗೆ? ಬೋರೈಡ್ ಮೊದಲು ಹುಟ್ಟಬೇಕಾದರೆ ಬೋರಾನ್ ಸುಮಾರು ಶೇ. 1.6 ದಾಟಬೇಕು. ಅಷ್ಟು ಸೂಜಿ ತುಂಬಿದರೆ ಎಳೆದಾಗ ಅವೇ ಮೊದಲು ಮುರಿಯುತ್ತವೆ, ಲೋಹದ ಹಿಗ್ಗುವ ಗುಣ ಹೋಗುತ್ತದೆ.

ಇದೇ ಮಿಶ್ರಲೋಹದ ಎರಕದಲ್ಲಿ ಶೇ. 0.1 ಬೋರಾನ್‌ಗೆ ಹರಳು ಸುಮಾರು 1.7 ಮಿ.ಮೀ.ನಿಂದ 0.2 ಮಿ.ಮೀ.ಗೆ ಇಳಿದದ್ದು 2005ರಲ್ಲೇ ಪ್ರಕಟವಾಗಿದೆ. ಅಂಚಿನ ಸೂಜಿಗಳಿಂದ ಇನ್ನೊಂದು ಉಪಕಾರವೂ ಇದೆ: ಈ ಮಿಶ್ರಲೋಹದ ಒಳರಚನೆ ಬದಲಾಗುವ ಸುಮಾರು 995 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೂ ಹರಳು ಊದಿಕೊಳ್ಳದಂತೆ ಹಿಡಿಯುತ್ತವೆ. ಒಮ್ಮೆ ಕಾಯಿಸಿ ಅಳೆಯಿರಿ.

ವಿದ್ಯಾರ್ಥಿನಿ
ಐಸ್ ಗಡ್ಡೆ ಅರ್ಥವಾಯಿತು ಸರ್. ಮೊದಲ ಸಲ ಬೋರಾನ್ ಪುಡಿ ಆರ್ಕ್ ಹೊತ್ತಿದೊಡನೆ ಹಾರಿಹೋಗಿತ್ತು. ಡೈಬೋರೈಡ್ ಹಾಕಬಹುದೇ?

ಉತ್ತರ 2
ಧಾರಾಳವಾಗಿ. ಅದರಲ್ಲಿ ಬೋರಾನ್ ಶೇ. 31, ಹಾಗಾಗಿ ನಿಮ್ಮ ಬಿಲ್ಲೆಗೆ 161 ಮಿಲಿಗ್ರಾಂ ತೂಗಿ. ಟೈಟಾನಿಯಂ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಲೋಹದ ತುಂಡುಗಳ ಅಡಿಯಲ್ಲಿಡಿ.

ಉತ್ತರ 1
ಮೂವತ್ತು ವರ್ಷ ಸರಳು ಹಾಕಿದವನ ಮಾತು, ಕ್ಷಮಿಸಿ. ಪೊಟ್ಟಣ ಕಟ್ಟುವುದರಲ್ಲಿ ಮಾತ್ರ ನನ್ನ ಅನುಭವವೂ ಅದೇ.