ಡಿಎನ್‌ಎ ವರದಿ ಬಂತು, ಆಫ್ರಿಕಾದ ಊರು ಮಾತ್ರ ಸಿಗ್ತಿಲ್ಲ

ಹಳಿಯಾಳ_ಹುಡುಗಿ:
ನಾವು ಕ್ರೈಸ್ತ ಸಿದ್ದಿಗಳು, ಆಫ್ರಿಕಾ ಮೂಲದವರು. ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿದೆ. ದೊಡ್ಡ ಪಾಲು ಮೊಜಾಂಬಿಕ್ ಕಡೆಯದು ಅಂತ ಬಂದಿದೆ. ಊರು, ಕುಲ ಏನೂ ಇಲ್ಲ. ಮುಂಡಗೋಡದ ಒಬ್ಬರ ಜೊತೆ 210 ಸೆಂಟಿಮಾರ್ಗನ್ (ಡಿಎನ್‌ಎ ತುಂಡಿನ ಅಳತೆ) ಹೊಂದುತ್ತಿದೆ, 'ಸೆಕೆಂಡ್ ಕಸಿನ್', ಅಂದ್ರೆ ಒಂದೇ ಮುತ್ತಜ್ಜ ಮುತ್ತಜ್ಜಿಯ ಮರಿಮಕ್ಕಳು, ಅಂತ ತೋರಿಸುತ್ತಿದೆ. ಮನೆಯಲ್ಲಿ ಯಾರಿಗೂ ಅವರ ಪರಿಚಯ ಇಲ್ಲ. ನಮ್ಮ ಅಡ್ಡಹೆಸರು ಪೋರ್ಚುಗೀಸರದು. ಅದನ್ನೇ ಹಿಡಿದು ಹುಡುಕಬಹುದಾ?

ಬೇರು_ಬಿಳಲು:
ಮೊದಲು ಆ ಕಸಿನ್ ವಿಷಯ ನೋಡೋಣ. ಸಣ್ಣ ಸಮುದಾಯ, ತಲೆಮಾರುಗಳಿಂದ ಒಳಗೊಳಗೇ ಮದುವೆ. ಹಾಗಾಗಿ ಒಬ್ಬರ ಜೊತೆಗೇ ಮೂರು ನಾಲ್ಕು ದಾರಿಯಲ್ಲಿ ನೆಂಟಸ್ತಿಕೆ ಇರುತ್ತದೆ. ಇಬ್ಬರಲ್ಲೂ ಹೊಂದುವ ಡಿಎನ್‌ಎಯ ಸಣ್ಣ ತುಂಡುಗಳೆಲ್ಲ ಸೇರಿ ಮೊತ್ತ ಜಾಸ್ತಿ ಆಗುತ್ತದೆ. ಒಟ್ಟು ಮೊತ್ತ ಬಿಡಿ, ಎಲ್ಲಕ್ಕಿಂತ ಉದ್ದದ ತುಂಡು ಎಷ್ಟಿದೆ?

ಹಳಿಯಾಳ_ಹುಡುಗಿ:
18 ಸೆಂಟಿಮಾರ್ಗನ್.

ಬೇರು_ಬಿಳಲು:
ಉದ್ದದ ತುಂಡೇ ಅಷ್ಟು ಗಿಡ್ಡ ಅಂದ್ರೆ ಅವರು ದೂರದ ನೆಂಟರೇ ಇರಬೇಕು. ಮನೆಯವರಿಗೆ ಗೊತ್ತಿಲ್ಲದ್ದು ಸಹಜ.

ಇನ್ನು ಅಡ್ಡಹೆಸರು. ದೀಕ್ಷಾಸ್ನಾನದ ಹೊತ್ತಿಗೆ ಪಾದ್ರಿಗಳೋ ಒಡೆಯರೋ ಇಟ್ಟ ಹೆಸರುಗಳೇ ಜಾಸ್ತಿ. ಅದನ್ನು ಹಿಡಿದು ಹೋದರೆ ಲಿಸ್ಬನ್ ಸಿಗಬಹುದು, ನಿಮ್ಮ ಹಿರಿಯರು ಸಿಗುವುದಿಲ್ಲ.

ಪರೀಕ್ಷೆಯವರು ನಿಮ್ಮ ಡಿಎನ್‌ಎಯನ್ನು ಈಗ ಬದುಕಿರುವ ಜನರ ಮಾದರಿಗಳ ಜೊತೆ ಹೋಲಿಸುತ್ತಾರೆ. ಮಾದರಿ ಕೊಡದ ಊರು ವರದಿಯಲ್ಲಿ ಬರುವುದೇ ಇಲ್ಲ. ಇನ್ನೊಂದು ತೊಡಕೂ ಇದೆ. 1752ರವರೆಗೆ ಪೋರ್ಚುಗೀಸರ ಮೊಜಾಂಬಿಕ್ ಆಡಳಿತ ನಡೆದದ್ದೇ ಗೋವಾದಿಂದ. ಗುಲಾಮರನ್ನು ಇತ್ತ ಬರುವ ಹಡಗು ಹತ್ತಿಸಿದ್ದು ಅಲ್ಲಿನ ಕರಾವಳಿಯಲ್ಲಿ, ಅವರನ್ನು ಹಿಡಿದು ತಂದದ್ದು ಎಷ್ಟೋ ಸಲ ಒಳನಾಡಿನಿಂದ. ಬಂದರಿನ ಹೆಸರು ಸಿಕ್ಕಿದರೂ ಅದೇ ನಿಮ್ಮ ಊರು ಅಂದುಕೊಳ್ಳಬೇಡಿ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಕೂಡ ಸಿದ್ದಿಗಳ ಬೇರನ್ನು ಆಫ್ರಿಕಾದ ಬಂಟು ಭಾಷಿಕರವರೆಗೆ ಒಯ್ದಿದೆ, ಒಂದು ಹಳ್ಳಿಯವರೆಗೆ ಅಲ್ಲ.

ಕಾಳಿ_ಕಣಿವೆ:
ತಂಗಿ, ಆಫ್ರಿಕಾದಿಂದ ಈಚೆಗೆ ಬರಬೇಡ, ಇಲ್ಲಿಂದ ಆಚೆಗೆ ಹೋಗು. ಅಜ್ಜಿ ಅಜ್ಜನ ಶಾಲಾ ದಾಖಲೆ, ಪಹಣಿ, ಆಮೇಲೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಅದರಲ್ಲಿ ಧರ್ಮಪಿತ, ಧರ್ಮಮಾತೆಯರ ಹೆಸರನ್ನೂ ಬರೆದುಕೋ, ಎಷ್ಟೋ ಸಲ ಅವರು ನೆಂಟರೇ ಆಗಿರುತ್ತಾರೆ. ಗೋವಾ ಕಡೆಗೆ ಎಳೆ ಹೋದರೆ ಪಣಜಿಯ ಪತ್ರಾಗಾರದಲ್ಲಿ ಪೋರ್ಚುಗೀಸ್ ಕಾಲದ ಕಡತಗಳಿವೆ.

ಹಳಿಯಾಳ_ಹುಡುಗಿ:
ಅಜ್ಜಿ ಇನ್ನೂ ಇದ್ದಾರೆ ಅಣ್ಣ. ಅಪ್ಪನ ತಾಯಿ.

ಬೇರು_ಬಿಳಲು:
ಹಾಗಾದ್ರೆ ತಡ ಮಾಡಬೇಡಿ, ಒಪ್ಪಿದರೆ ಅವರ ಪರೀಕ್ಷೆಯನ್ನೇ ಮೊದಲು ಮಾಡಿಸಿ. ಅಜ್ಜಿಯ ಡಿಎನ್‌ಎಯಲ್ಲಿ ನಿಮಗೆ ಬಂದಿರುವುದು ಸುಮಾರು ಕಾಲು ಭಾಗ ಅಷ್ಟೇ, ಉಳಿದದ್ದು ಅವರ ಹತ್ತಿರವೇ ಇದೆ. ಅಪ್ಪನಿಗೆ ವೈ ಪರೀಕ್ಷೆ (ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವಿನದು) ಮಾಡಿಸಿದರೆ ಅವರ ತಂದೆ, ಅಜ್ಜ, ಮುತ್ತಜ್ಜನ ಸಾಲು ಬೇರೆಯಾಗಿ ಸಿಗುತ್ತದೆ. ಎರಡೂ ಬಂದ ಮೇಲೆ ಇಲ್ಲೇ ಹಾಕಿ, ಕೂತು ನೋಡೋಣ.